ಕಂಪ್ಯೂಟರಿಗೆ ಇಂಗ್ಲಿಷ್ ಬರುವುದಿಲ್ಲ!

(ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳನ್ನು ಒಂದುಗೂಡಿಸಿ ನಗರದ ಓದುಗ ಮಿತ್ರರಿಗಾಗಿ ಬರೆದುಕೊಟ್ಟ ಭಾಷಣ)



ಗೋಕಾಕ ಎಂದೊಡನೆ ನಿಮಗೆ ನೆನಪಾಗುವುದೇನು? ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಬೆಳೆದ ನಿಮಗೆ ಮೊದಲು ನೆನಪಾಗುವುದು ಗೋಕಾಕ್ ಚಳವಳಿ. 1981ರ ಗೋಕಾಕ್ ವರದಿ, 1982ರಲ್ಲಿ ಡಾ. ರಾಜ್‌ಕುಮಾರ್ ಅವರು ಊರೂರಿಗೆ ಬಂದು ಜನರನ್ನು ಎಬ್ಬಿಸಿದ್ದು, ಅದನ್ನು ನಿಮ್ಮ ಅಪ್ಪ ಅಮ್ಮಂದಿರು ಇಂದಿಗೂ ಹೇಳುತ್ತಾರೆ. ಆ ಹೆಸರು ಬಂದದ್ದು ವಿನಾಯಕ ಕೃಷ್ಣ ಗೋಕಾಕರಿಂದ. ಒಂದು ಮಾತು ಮರೆಯಬೇಡಿ: ಗೋಕಾಕರು ಬದುಕಿನುದ್ದಕ್ಕೂ ಪಾಠ ಹೇಳಿದ್ದು ಇಂಗ್ಲಿಷ್ ಸಾಹಿತ್ಯವನ್ನು. ಇಂಗ್ಲಿಷನ್ನು ಅರೆದು ಕುಡಿದಿದ್ದ ಆ ಮನುಷ್ಯನೇ ಕನ್ನಡದ ಮಕ್ಕಳಿಗೆ ಕನ್ನಡವೇ ಪ್ರಥಮ ಭಾಷೆಯಾಗಬೇಕು ಎಂದು ವರದಿ ಕೊಟ್ಟರು. ಇಂಗ್ಲಿಷಿಗೆ ಹೆದರಿದವರು ಕೊಟ್ಟ ವರದಿ ಅದಲ್ಲ. ಈ ಮಾತನ್ನು ನೆನಪಿನಲ್ಲಿಡಿ, ಕೊನೆಯಲ್ಲಿ ಮತ್ತೆ ಇದಕ್ಕೇ ಬರುತ್ತೇನೆ.

ನಾನಿಂದು ಹೇಳಹೊರಟಿರುವುದು ಗೋಕಾಕ ಎಂಬ ಊರಿನ ಮಾತು. ಘಟಪ್ರಭೆ 52 ಮೀಟರ್ ಎತ್ತರದಿಂದ ಧುಮುಕುವ ಊರು. ಕರದಂಟಿನ ಊರು, ಮರದ ಬೊಂಬೆಗಳ ಊರು. ಅದರ ಪಕ್ಕದ ಮೂಡಲಗಿ, ಹುಕ್ಕೇರಿ. ಈ ಮೂರೂ ಕಡೆ ಕಾಲೇಜು ಹುಡುಗ ಹುಡುಗಿಯರ ಜೊತೆ ಕುಳಿತು ಕಂಪ್ಯೂಟರ್ ಬಗ್ಗೆ ಮಾತನಾಡಿದೆ. ಮೂಡಲಗಿಯಲ್ಲಿ ಒಬ್ಬ ಹುಡುಗಿ ಎದ್ದು ನಿಂತಳು. ಬಿ.ಎ. ಓದುತ್ತಿರುವವಳು. ತಲೆ ತಗ್ಗಿಸಿಕೊಂಡೇ ಕೇಳಿದಳು: "ಸರ, ನಂಗ ಇಂಗ್ಲೀಷ ಬರೂದಿಲ್ರಿ. ನಾ ಕಂಪ್ಯೂಟರ ಕಲಿಯಾಕ ಆಗ್ತೈತೇನ್ರಿ?"

ಆ ಪ್ರಶ್ನೆ ಕೇಳಿ ನನಗೆ ಸಿಟ್ಟು ಬಂತು. ಆ ತಂಗಿಯ ಮೇಲಲ್ಲ. ಅವಳ ತಲೆಯಲ್ಲಿ ಆ ಹೆದರಿಕೆ ಬಿತ್ತಿದವರ ಮೇಲೆ. ನಾನೂ ಹುಡುಗನಾಗಿದ್ದಾಗ ಫೀಸು ಕಟ್ಟಿ ಮೂರು ತಿಂಗಳು ಕಂಪ್ಯೂಟರ್ ಕ್ಲಾಸಿಗೆ ಹೋದವನು. ಮೊದಲ ದಿನವೇ ಇಂಗ್ಲಿಷ್ ಮೊದಲಕ್ಷರಗಳ ಒಂದು ಪಟ್ಟಿ ಕೊಟ್ಟು, ಒಂದೊಂದರ ಪೂರ್ತಿ ರೂಪವನ್ನೂ ಬಾಯಿಪಾಠ ಮಾಡಲು ಹೇಳಿದರು. ಮಾಡಿದೆ. ಪರದೆಯ ಮೇಲೆ ಹೂವು ಬಿಡಿಸಲು ಕಲಿತೆ. ಆದರೆ ಆ ಹೂವು ಯಂತ್ರದ ಒಳಗೆ ಎಲ್ಲಿ ಕುಳಿತಿದೆ, ಯಾವ ರೂಪದಲ್ಲಿ ಕುಳಿತಿದೆ ಎಂದು ಕೇಳಿದಾಗ, "ಅದು ನಿನಗ್ಯಾಕೆ? ಮೊದಲು ಇಂಗ್ಲಿಷ್ ಸುಧಾರಿಸಿಕೋ" ಎಂದರು. ಸರ್ಟಿಫಿಕೇಟು ಸಿಕ್ಕಿತು, ವಿದ್ಯೆ ಸಿಗಲಿಲ್ಲ.

ಆದ್ದರಿಂದ ಆ ಹುಡುಗಿಗೆ ಕೊಟ್ಟ ಉತ್ತರವನ್ನೇ ನಿಮಗೂ ಕೊಡುತ್ತೇನೆ. ತಂಗಿ, ಕಂಪ್ಯೂಟರಿಗೂ ಇಂಗ್ಲಿಷ್ ಬರುವುದಿಲ್ಲ! ಅದಕ್ಕೆ ಗೊತ್ತಿರುವುದು ಎರಡೇ ಮಾತು. ಕರೆಂಟು ಇದೆ, ಕರೆಂಟು ಇಲ್ಲ. ಒಂದು, ಸೊನ್ನೆ. ಈ ಎರಡು ಮಾತು ಯಾರ ತಾಯ್ನುಡಿಯೂ ಅಲ್ಲ. ಲಂಡನ್ನಿನ ಹುಡುಗನೂ ಮೂಡಲಗಿಯ ಹುಡುಗಿಯೂ ಅದರ ಬಾಗಿಲಲ್ಲಿ ಸಮಾನರು. ಈ ಬುಡದಿಂದ ಆರಂಭಿಸಿದವನಿಗೆ ಯಂತ್ರ ತಿಳಿಯುತ್ತದೆ. ಮೇಲಿನಿಂದ, ಅಂದರೆ ಗುಂಡಿ ಒತ್ತುವುದರಿಂದ ಆರಂಭಿಸಿದವನು ಕೊನೆಯವರೆಗೂ ಗುಂಡಿ ಒತ್ತುವವನಾಗಿಯೇ ಉಳಿಯುತ್ತಾನೆ.

ಬುಡದಿಂದ ಹೇಗೆ ಆರಂಭಿಸುವುದು? ಬನ್ನಿ.

ಅಜ್ಜಿಯ ಸೇರಿನಲ್ಲಿ ಕಂಪ್ಯೂಟರ್ ಲೆಕ್ಕ

ಗೋಕಾಕದಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ: ನಿಮ್ಮ ಮನೆಯಲ್ಲಿ ಹಳೆಯ ತೂಕದ ಕಲ್ಲುಗಳಿವೆಯೇ? ಹುಡುಗರು ನಕ್ಕರು. ಕಂಪ್ಯೂಟರ್ ಪಾಠಕ್ಕೆ ಬಂದವನು ತೂಕದ ಕಲ್ಲು ಕೇಳುತ್ತಾನಲ್ಲ ಎಂದು. ಕಿಲೋ ಬರುವ ಮೊದಲು ನಮ್ಮ ಸಂತೆಗಳಲ್ಲಿ ಇದ್ದದ್ದು ಚಟಾಕು, ನವಟಾಕು, ಪಾವಸೇರು, ಅಚ್ಚೇರು, ಸೇರು. ಎರಡು ಚಟಾಕು ಸೇರಿದರೆ ಒಂದು ನವಟಾಕು. ಎರಡು ನವಟಾಕು ಒಂದು ಪಾವಸೇರು. ಎರಡು ಪಾವಸೇರು ಒಂದು ಅಚ್ಚೇರು. ಎರಡು ಅಚ್ಚೇರು ಒಂದು ಸೇರು. ಅಂದರೆ ಚಟಾಕಿನ ಲೆಕ್ಕದಲ್ಲಿ 1, 2, 4, 8, 16. ಪ್ರತಿಯೊಂದೂ ಹಿಂದಿನದರ ಇಮ್ಮಡಿ.

ಈಗ ಈ ಐದು ಕಲ್ಲು ಮಾತ್ರ ನಿಮ್ಮ ಬಳಿ ಇವೆ, ಒಂದೊಂದೇ ಇದೆ. 21 ಚಟಾಕು ಬೆಲ್ಲ ತೂಗಬೇಕು. ಯಾವ ಕಲ್ಲು ಇಡುತ್ತೀರಿ? ಸೇರು ಇಡಿ, 16 ಆಯಿತು. ಅಚ್ಚೇರು ಬೇಡ. ಪಾವಸೇರು ಇಡಿ, 20 ಆಯಿತು. ನವಟಾಕು ಬೇಡ. ಚಟಾಕು ಇಡಿ, 21. ಇಟ್ಟ ಕಲ್ಲಿಗೆ 1, ಇಡದ ಕಲ್ಲಿಗೆ 0 ಎಂದು ಬರೆಯಿರಿ: 1 0 1 0 1. ಇಷ್ಟೇ! ಕಂಪ್ಯೂಟರ್ ತನ್ನ ಒಳಗೆ 21 ಎಂಬ ಸಂಖ್ಯೆಯನ್ನು ಬರೆದುಕೊಳ್ಳುವುದು ಹೀಗೆಯೇ. ಈ ಐದು ಕಲ್ಲಿನಿಂದ 1ರಿಂದ 31ರವರೆಗಿನ ಯಾವ ತೂಕವನ್ನಾದರೂ ತೂಗಬಹುದು. ಒಂದು ಕಲ್ಲು ಹೆಚ್ಚಿಸಿದರೆ 63ರವರೆಗೆ. ಎಂಟು ಕಲ್ಲಿದ್ದರೆ 255ರವರೆಗೆ. ಒಂದು ಕಲ್ಲು ಇದೆ ಅಥವಾ ಇಲ್ಲ ಎನ್ನುವುದಕ್ಕೆ ಬಿಟ್ ಎನ್ನುತ್ತಾರೆ. ಅಂಥ ಎಂಟು ಸೇರಿದರೆ ಬೈಟ್.

ಕೂಡಿಸುವ ಲೆಕ್ಕವೂ ಇಲ್ಲಿಯೇ ಇದೆ. ತಕ್ಕಡಿಯಲ್ಲಿ ಒಂದು ಚಟಾಕಿದೆ, ಇನ್ನೊಂದು ಚಟಾಕು ಬಂತು. ಎರಡನ್ನೂ ತೆಗೆದು ಒಂದು ನವಟಾಕು ಇಡುತ್ತೀರಿ. ಚಟಾಕಿನ ಮನೆಯಲ್ಲಿ ಸೊನ್ನೆ, ಪಕ್ಕದ ಮನೆಗೆ ಒಂದು. ಶಾಲೆಯಲ್ಲಿ "ಕೈಯಲ್ಲಿ ಒಂದು" ಎನ್ನುತ್ತಿದ್ದೆವಲ್ಲ, ಅದೇ. ನಮ್ಮ ಅಜ್ಜಿಯರು ದಿನವೂ ಮಾಡುತ್ತಿದ್ದ ಲೆಕ್ಕವಿದು. ಇದು ಕನ್ನಡಕ್ಕೆ ಹೊಸದೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಕಾಲುವೆಯ ಗೇಟು, ಫ್ರಿಜ್ಜಿನ ಬಾಗಿಲು, ಮೆಟ್ಟಿಲ ದೀಪ

ಸಂಖ್ಯೆ ಬರೆಯುವುದು ಆಯಿತು. ಕಲ್ಲನ್ನು ಎತ್ತಿಡಲು ಅಜ್ಜಿಯ ಕೈ ಇತ್ತು. ಯಂತ್ರದಲ್ಲಿ ಆ ತೀರ್ಮಾನ ಮಾಡುವವರು ಯಾರು? ಸ್ವಿಚ್ಚುಗಳು.

ಧೂಪದಾಳದಿಂದ ಹೊರಡುವ ಘಟಪ್ರಭಾ ಎಡದಂಡೆ ಕಾಲುವೆಯನ್ನು ಈ ಸೀಮೆಯ ಪ್ರತಿಯೊಬ್ಬ ರೈತನ ಮಗನೂ ಬಲ್ಲ. ಮುಖ್ಯ ಕಾಲುವೆಯ ಗೇಟು ತೆರೆಯಬೇಕು, ಹೊಲದ ಕಡೆಯ ಗೇಟೂ ತೆರೆಯಬೇಕು. ಎರಡೂ ತೆರೆದರೆ ಮಾತ್ರ ನೀರು ಬರುತ್ತದೆ. ಒಂದು ಮುಚ್ಚಿದ್ದರೂ ಹೊಲ ಒಣಗುತ್ತದೆ. ಒಂದರ ಹಿಂದೊಂದು ಎರಡು ಸ್ವಿಚ್ಚು ಇಟ್ಟರೆ ದೀಪವೂ ಹೀಗೇ ವರ್ತಿಸುತ್ತದೆ. ಕಂಪ್ಯೂಟರಿನವರು ಇದಕ್ಕೆ 'ಆ್ಯಂಡ್' ಗೇಟು ಎನ್ನುತ್ತಾರೆ. ಅವರೂ ಗೇಟು ಎಂದೇ ಕರೆಯುತ್ತಾರೆ, ನೋಡಿ!

ಹೊಲಕ್ಕೆ ಕಾಲುವೆಯೂ ಇದೆ, ಬೋರ್‌ವೆಲ್ಲೂ ಇದೆ. ಯಾವುದಾದರೂ ಒಂದರಲ್ಲಿ ನೀರಿದ್ದರೆ ಸಾಕು. ಅಕ್ಕಪಕ್ಕ ಎರಡು ಸ್ವಿಚ್ಚು ಇಟ್ಟಂತೆ. ಇದು 'ಆರ್' ಗೇಟು. ಇನ್ನು ನಗರದ ನಿಮ್ಮ ಮನೆಯ ಫ್ರಿಜ್ಜು ನೋಡಿ. ಬಾಗಿಲು ಮುಚ್ಚಿ ಸ್ವಿಚ್ಚು ಒತ್ತಿಕೊಂಡಾಗ ಒಳಗಿನ ದೀಪ ಆರುತ್ತದೆ. ಬಾಗಿಲು ತೆರೆದು ಸ್ವಿಚ್ಚು ಬಿಟ್ಟಾಗ ಹತ್ತುತ್ತದೆ. ಹೇಳಿದ್ದಕ್ಕೆ ಉಲ್ಟಾ ಮಾಡುವ ಈ ಸ್ವಿಚ್ಚೇ 'ನಾಟ್' ಗೇಟು.

ನಾಲ್ಕನೆಯದು ಮೆಟ್ಟಿಲ ದೀಪ. ಕೆಳಗೊಂದು ಸ್ವಿಚ್ಚು, ಮಾಳಿಗೆಯಲ್ಲೊಂದು ಸ್ವಿಚ್ಚು. ಎರಡೂ ಮೊದಲಿನಂತೆಯೇ ಇದ್ದರೆ ದೀಪವಿಲ್ಲ. ಯಾವುದಾದರೂ ಒಂದನ್ನು ಬದಲಿಸಿದರೆ ದೀಪ ಹತ್ತುತ್ತದೆ. ಎರಡನ್ನೂ ಬದಲಿಸಿದರೆ ಮತ್ತೆ ಆರುತ್ತದೆ. ಈಗ ಚಟಾಕಿನ ಲೆಕ್ಕ ನೆನಪಿಸಿಕೊಳ್ಳಿ. ಒಂದು ಚಟಾಕಿದ್ದರೆ ಚಟಾಕಿನ ಮನೆಯಲ್ಲಿ 1. ಎರಡು ಬಂದರೆ ಆ ಮನೆಯಲ್ಲಿ 0. ಮೆಟ್ಟಿಲ ದೀಪ ಮಾಡುವುದೂ ಅದೇ ಅಲ್ಲವೇ? ಎರಡೂ ಇದ್ದರೆ ಪಕ್ಕದ ಮನೆಗೆ 1 ಹೋಗಬೇಕು. ಅದು ಕಾಲುವೆಯ ಎರಡು ಗೇಟಿನ ಕೆಲಸ. ಮೆಟ್ಟಿಲ ದೀಪವನ್ನೂ ಕಾಲುವೆ ಗೇಟನ್ನೂ ಜೋಡಿಸಿದರೆ ಕೂಡಿಸುವ ಯಂತ್ರ ಸಿದ್ಧ! ಕಂಪ್ಯೂಟರಿನ ಹೊಟ್ಟೆಯಲ್ಲಿರುವುದು ಇದೇ ಜೋಡಣೆ. ಅಲ್ಲಿ ಇಂಥ ಗೇಟುಗಳು ಕೋಟಿ ಕೋಟಿ ಇವೆ, ಅಷ್ಟೇ.

ಜಾರ್ಜ್ ಬೂಲ್ ಎಂಬ ಗಣಿತಜ್ಞ 1854ರಲ್ಲಿ ಹೌದು, ಅಲ್ಲಗಳನ್ನು ಲೆಕ್ಕದಂತೆ ಮಾಡಬಹುದೆಂದು ಪುಸ್ತಕ ಬರೆದ. 1937ರಲ್ಲಿ ಕ್ಲಾಡ್ ಶಾನನ್ ಎಂಬ 21 ವರ್ಷದ ವಿದ್ಯಾರ್ಥಿ ಆ ಲೆಕ್ಕವನ್ನು ವಿದ್ಯುತ್ ಸ್ವಿಚ್ಚುಗಳಿಂದ ಮಾಡಿಸಬಹುದೆಂದು ತೋರಿಸಿದ. ನಿಮ್ಮ ವಯಸ್ಸಿನವನೇ! 1947ರಲ್ಲಿ ಟ್ರಾನ್ಸಿಸ್ಟರ್ ಬಂತು. ಅದು ಕೈಯಿಂದ ಒತ್ತಬೇಕಿಲ್ಲದ, ಕರೆಂಟಿನಿಂದಲೇ ಒತ್ತುವ ಸ್ವಿಚ್ಚು. 1971ರಲ್ಲಿ ಇಂಟೆಲ್ ಕಂಪನಿ ತಂದ 4004 ಚಿಪ್ಪಿನಲ್ಲಿ ಅಂಥ ಸುಮಾರು 2,300 ಸ್ವಿಚ್ಚುಗಳಿದ್ದವು. ಇಂದಿನ ದುಬಾರಿ ಮೊಬೈಲಿನ ಚಿಪ್ಪಿನಲ್ಲಿ ಸಾವಿರ ಕೋಟಿಗೂ ಹೆಚ್ಚು ಇವೆ. ಸಂಖ್ಯೆ ಬೆಳೆಯಿತು, ಬುಡದ ತತ್ವ ಬದಲಾಗಲಿಲ್ಲ. ನೀವು ಕಲಿಯಬೇಕಾದ್ದು ಆ ತತ್ವ.

ಪಂಪ್‌ಸೆಟ್ಟಿನ ಸ್ಟಾರ್ಟರಿಗೆ ನೆನಪಿದೆ

ಹುಕ್ಕೇರಿಗೆ ಒಂದು ಹೆಗ್ಗಳಿಕೆಯಿದೆ. ಅಲ್ಲಿ 1969ರಲ್ಲಿಯೇ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಹುಟ್ಟಿತು. ದೇಶದಲ್ಲಿ ಇಂಥ ಸಂಘಗಳನ್ನು ಕಂಡ ಮೊದಲ ಕೆಲವೇ ಊರುಗಳಲ್ಲಿ ಹುಕ್ಕೇರಿ ಒಂದು. ಊರಿನವರೇ ಸೇರಿ ಊರಿಗೆ ಕರೆಂಟು ಹಂಚಿದರು. ಅಂಥ ಊರಿನ ಮಕ್ಕಳಿಗೆ ವಿದ್ಯುತ್ತಿನ ಪಾಠ ಹೇಳಲು ನಾನು ಯಾರು? ಅವರನ್ನೇ ಕೇಳಿದೆ: ಪಂಪ್‌ಸೆಟ್ಟಿನ ಸ್ಟಾರ್ಟರಿನಲ್ಲಿ ಹಸಿರು ಗುಂಡಿ ಒತ್ತಿ ಬೆರಳು ತೆಗೆಯುತ್ತೀರಿ. ಮೋಟಾರು ನಿಲ್ಲುವುದಿಲ್ಲ ಯಾಕೆ?

ಒಬ್ಬ ಹುಡುಗ ಚಕ್ಕನೆ ಹೇಳಿದ, ಅವನು ಅಪ್ಪನ ಜೊತೆ ಸ್ಟಾರ್ಟರ್ ಬಿಚ್ಚಿದವನು. ಒಳಗೆ ಒಂದು ತಂತಿಯ ಸುರುಳಿ ಇದೆ. ಹಸಿರು ಗುಂಡಿ ಒತ್ತಿದಾಗ ಕರೆಂಟು ಹರಿದು ಅದು ಅಯಸ್ಕಾಂತವಾಗುತ್ತದೆ, ಕಬ್ಬಿಣದ ಪಟ್ಟಿಯನ್ನು ಎಳೆದುಕೊಳ್ಳುತ್ತದೆ. ಆ ಪಟ್ಟಿ ಮೋಟಾರಿಗೆ ಕರೆಂಟು ಕೊಡುವುದರ ಜೊತೆಗೆ ತನ್ನದೇ ಸುರುಳಿಗೂ ಇನ್ನೊಂದು ದಾರಿಯಿಂದ ಕರೆಂಟು ಕೊಡುತ್ತದೆ. ಬೆರಳು ತೆಗೆದರೂ ಅದು ತನ್ನನ್ನು ತಾನೇ ಹಿಡಿದುಕೊಂಡಿರುತ್ತದೆ. ಕೆಂಪು ಗುಂಡಿ ಒತ್ತಿದರೆ ಹಿಡಿತ ಬಿಡುತ್ತದೆ.

ಮಿತ್ರರೇ, ಇದೇ ನೆನಪು! "ಯಾರೋ ಹಸಿರು ಒತ್ತಿದ್ದರು" ಎಂಬ ಒಂದು ಸಂಗತಿಯನ್ನು ಸ್ಟಾರ್ಟರ್ ನೆನಪಿಟ್ಟುಕೊಂಡಿದೆ. ಒಂದು ಬಿಟ್ ನೆನಪು. ಪ್ರೊಸೆಸರಿನ ಒಳಗೆ ನೆನಪು ನಿಲ್ಲುವುದು ಹೀಗೆಯೇ, ಸುರುಳಿಯ ಬದಲು ಟ್ರಾನ್ಸಿಸ್ಟರುಗಳಿಂದ. ಇನ್ನೊಂದು ಪ್ರಶ್ನೆ: ನಡುವೆ ಕರೆಂಟು ಹೋಗಿ ಮತ್ತೆ ಬಂದರೆ? ಇಡೀ ಕೋಣೆ ಒಂದೇ ದನಿಯಲ್ಲಿ ಹೇಳಿತು: "ಮತ್ತ ಹೋಗಿ ಒತ್ತಬೇಕ್ರಿ!" ರಾತ್ರಿ ಎರಡು ಗಂಟೆಗೆ ಎದ್ದು ಹೊಲಕ್ಕೆ ಹೋಗಿ ಒತ್ತಿದವರ ಉತ್ತರ ಅದು. ಹೌದು, ಸ್ಟಾರ್ಟರಿಗೆ ಮರೆತುಹೋಯಿತು. ಕಂಪ್ಯೂಟರಿನಲ್ಲಿ ನೀವು ಒಂದು ಗಂಟೆ ಟೈಪು ಮಾಡಿ ಉಳಿಸದೇ ಇದ್ದಾಗ ಕರೆಂಟು ಹೋದರೆ ಎಲ್ಲ ಅಳಿಸಿಹೋಗುವುದೂ ಇದೇ ಕಾರಣಕ್ಕೆ. ರ್‍ಯಾಮ್ ಎಂಬ ನೆನಪಿನ ರಚನೆ ಸ್ವಲ್ಪ ಬೇರೆ, ಆದರೆ ಕರೆಂಟು ಹೋದರೆ ಮರೆಯುವ ಗುಣ ಒಂದೇ. ಅದಕ್ಕೇ ಕರೆಂಟು ಹೋದರೂ ಮರೆಯದ ಡಿಸ್ಕು ಬೇರೆಯಾಗಿ ಬೇಕು.

ಬೆಂಕಿಪೊಟ್ಟಣದ ಕಂಪ್ಯೂಟರ್

ಲೆಕ್ಕವಿದೆ, ನೆನಪಿದೆ. ಇವೆರಡನ್ನೂ ದುಡಿಸುವುದು ಹೇಗೆ? ಮೂಡಲಗಿಯಲ್ಲಿ ಎಂಟು ಖಾಲಿ ಬೆಂಕಿಪೊಟ್ಟಣ ತರಿಸಿ ಸಾಲಾಗಿ ಇಟ್ಟು ನಂಬರು ಹಾಕಿದೆವು. ಒಂದೊಂದರಲ್ಲೂ ಒಂದು ಚೀಟಿ. ಕಬ್ಬಿನ ಸೀಮೆಯಲ್ಲವೇ, ಕಬ್ಬಿನ ತೂಕದ ಲೆಕ್ಕವನ್ನೇ ತೆಗೆದುಕೊಂಡೆವು. ಚೀಟಿಗಳು ಹೀಗಿದ್ದವು:

1. ಆರನೆಯ ಪೊಟ್ಟಣದ ಸಂಖ್ಯೆಯನ್ನು ಕೈಗೆ ತೆಗೆದುಕೋ.
2. ಅದರಿಂದ ಏಳನೆಯ ಪೊಟ್ಟಣದ ಸಂಖ್ಯೆಯನ್ನು ಕಳೆ.
3. ಉಳಿದದ್ದನ್ನು ಎಂಟನೆಯ ಪೊಟ್ಟಣದಲ್ಲಿಡು.
4. ಎಂಟನೆಯ ಪೊಟ್ಟಣದಲ್ಲಿರುವುದನ್ನು ಗಟ್ಟಿಯಾಗಿ ಓದು.
5. ನಿಲ್ಲು.
6. 18 (ಕಬ್ಬು ತುಂಬಿದ ಗಾಡಿಯ ತೂಕ, ಟನ್ನಿನಲ್ಲಿ)
7. 6 (ಖಾಲಿ ಗಾಡಿಯ ತೂಕ)
8. (ಖಾಲಿ)

ಒಬ್ಬ ಹುಡುಗ ಪ್ರೊಸೆಸರ್ ಆದ. ಅವನಿಗೆ ಒಂದೇ ನಿಯಮ: ಒಂದನೆಯ ಪೊಟ್ಟಣದಿಂದ ಆರಂಭಿಸು, ಚೀಟಿ ತೆಗೆ, ಹೇಳಿದಷ್ಟು ಮಾಡು, ಮುಂದಿನದಕ್ಕೆ ಹೋಗು. ತನ್ನ ಬುದ್ಧಿ ಓಡಿಸುವಂತಿಲ್ಲ. ಓದಿದ: "ಹನ್ನೆರಡು!" ಇಷ್ಟೇ ಮಿತ್ರರೇ, ಜಗತ್ತಿನ ಎಲ್ಲ ಕಂಪ್ಯೂಟರುಗಳೂ ಮಾಡುವುದು ಇಷ್ಟೇ. ಚೀಟಿ ತೆಗೆ, ಮಾಡು, ಮುಂದೆ ಹೋಗು. ಅವು ಕ್ಷಣಕ್ಕೆ ನೂರಾರು ಕೋಟಿ ಸಲ ಹೀಗೆ ಮಾಡುತ್ತವೆ. ಆಜ್ಞೆಯೂ ಸಂಖ್ಯೆಯೂ ಒಂದೇ ಸಾಲಿನ ಪೊಟ್ಟಣಗಳಲ್ಲಿ ಇರುವುದನ್ನೂ ಗಮನಿಸಿ. ಪೊಟ್ಟಣದ ಚೀಟಿ ಬದಲಿಸಿದರೆ ಅದೇ ಯಂತ್ರ ಬೇರೆ ಕೆಲಸ ಮಾಡುತ್ತದೆ. ಒಂದೇ ಮೊಬೈಲು ಫೋನೂ ಆಗುವುದು, ಕ್ಯಾಮೆರಾವೂ ಆಗುವುದು ಇದರಿಂದಲೇ.

ಆಗ ಹಿಂದೆ ಕುಳಿತಿದ್ದ ಒಬ್ಬ ತುಂಟ ಯಾರಿಗೂ ಕಾಣದಂತೆ ಏಳನೆಯ ಪೊಟ್ಟಣದ ಚೀಟಿಯಲ್ಲಿ 6 ಅಳಿಸಿ 7 ಬರೆದ. ಪ್ರೊಸೆಸರ್ ಹುಡುಗ ಮತ್ತೆ ಓದಿದ: "ಹನ್ನೊಂದು!" ಒಂದು ಟನ್ ಕಬ್ಬು ಮಾಯ! ಎಲ್ಲರೂ ನಕ್ಕರು. ನಂತರ ನಗು ನಿಂತಿತು. ಆ ಕೋಣೆಯಲ್ಲಿದ್ದ ಹಲವರ ಮನೆಯಲ್ಲಿ ಕಬ್ಬಿದೆ. ಒಬ್ಬ ಹುಡುಗ ಮೆಲ್ಲಗೆ ಕೇಳಿದ: "ಮಷಿನ್ ತಪ್ಪು ಹೇಳಂಗಿಲ್ಲ ಅಂತಾರಲ್ರಿ ಸರ?"

ನಾನು ಯಾರ ಮೇಲೂ ಆರೋಪ ಹೊರಿಸುತ್ತಿಲ್ಲ. ತೂಕದ ಯಂತ್ರವಿರಲಿ, ರೇಷನ್ ಅಂಗಡಿಯ ಬೆರಳಚ್ಚಿನ ಯಂತ್ರವಿರಲಿ, ಪರೀಕ್ಷೆಯ ಅಂಕ ಕೂಡಿಸುವ ಯಂತ್ರವಿರಲಿ, ಅದು ಚೀಟಿಯಲ್ಲಿದ್ದದ್ದನ್ನು ಮಾಡುತ್ತದೆ. ಚೀಟಿ ಬರೆದವನು ಮನುಷ್ಯ. "ಕಂಪ್ಯೂಟರಿನಲ್ಲಿ ಹಾಗೇ ಬಂದಿದೆ, ನಾವೇನೂ ಮಾಡಲಾಗದು" ಎಂದು ಕೌಂಟರಿನಲ್ಲಿ ಹೇಳಿದಾಗ ಗೊತ್ತಿಲ್ಲದವನು ಕೈಮುಗಿದು ಹಿಂದಿರುಗುತ್ತಾನೆ. ಗೊತ್ತಿದ್ದವನು ಕೇಳುತ್ತಾನೆ: ಚೀಟಿ ಬರೆದವರು ಯಾರು? ಅದರಲ್ಲಿ ಹಾಕಿದ ಸಂಖ್ಯೆ ಯಾವುದು? ಅದನ್ನು ತೋರಿಸಿ! ಕಂಪ್ಯೂಟರ್ ಕಲಿಯಿರಿ ಎಂದು ನಾನು ಹೇಳುವುದು ಬರೀ ನೌಕರಿಗಾಗಿ ಅಲ್ಲ. ಈ ಪ್ರಶ್ನೆ ಕೇಳುವ ಧೈರ್ಯಕ್ಕಾಗಿ.

ಕನ್ನಡದ ಓಣಿ, 128 ಮನೆ

ಈಗ ನಮ್ಮ ನುಡಿಯ ಮಾತು. ಯಂತ್ರಕ್ಕೆ ಗೊತ್ತಿರುವುದು ಸಂಖ್ಯೆ ಮಾತ್ರವಾದರೆ ಅದು 'ಕ' ಎಂಬ ಅಕ್ಷರವನ್ನು ಹೇಗೆ ಇಟ್ಟುಕೊಳ್ಳುತ್ತದೆ? ಅಕ್ಷರಕ್ಕೊಂದು ನಂಬರು ಕೊಟ್ಟು. ಜಗತ್ತಿನ ಲಿಪಿಗಳಿಗೆಲ್ಲ ನಂಬರು ಹಂಚುವ ಯುನಿಕೋಡ್ ಎಂಬ ಪದ್ಧತಿ 1991ರಲ್ಲಿ ಹೊರಬಂದಾಗಲೇ ಅದರಲ್ಲಿ ಕನ್ನಡವಿತ್ತು. ಅದನ್ನು ಒಂದು ದೊಡ್ಡ ಊರು ಎಂದುಕೊಳ್ಳಿ. ಕನ್ನಡದ ಓಣಿಯಲ್ಲಿ 3200ರಿಂದ 3327ರವರೆಗೆ 128 ಮನೆಗಳು, ಕೆಲವು ಇನ್ನೂ ಖಾಲಿ. ಹಿಂದಿನ ಓಣಿ ತೆಲುಗಿನದು, ಮುಂದಿನದು ಮಲಯಾಳದ್ದು. ನಮ್ಮ 'ಕ' ಇರುವುದು 3221ನೆಯ ಮನೆಯಲ್ಲಿ. ಅದನ್ನೇ ತೂಕದ ಕಲ್ಲಿನಲ್ಲಿ ಹೇಳುವುದಾದರೆ 2048, 1024, 128, 16, 4, 1. ಕೂಡಿಸಿ ನೋಡಿ!

'ಗೋಕಾಕ' ಎಂದು ಬರೆದರೆ ಕಣ್ಣಿಗೆ ಮೂರು ಅಕ್ಷರ. ಯಂತ್ರಕ್ಕೆ ಐದು: ಗ, ಓಕಾರದ ಚಿಹ್ನೆ, ಕ, ಆಕಾರದ ಚಿಹ್ನೆ, ಕ. ಅಂದರೆ 3223, 3275, 3221, 3262, 3221. 'ಮೂಡಲಗಿ' ಕಣ್ಣಿಗೆ ನಾಲ್ಕು, ಯಂತ್ರಕ್ಕೆ ಆರು. 'ಹುಕ್ಕೇರಿ' ಕಣ್ಣಿಗೆ ಮೂರೇ, ಯಂತ್ರಕ್ಕೆ ಎಂಟು. ಯಾಕೆಂದರೆ ಒತ್ತಕ್ಷರವನ್ನು ಅದು ಕ, ಅರ್ಧ ಮಾಡುವ ಚಿಹ್ನೆ, ಮತ್ತೆ ಕ ಎಂದು ಬಿಡಿಸಿ ಇಡುತ್ತದೆ. ಒಂದನೇ ತರಗತಿಯಲ್ಲಿ ಮೇಷ್ಟ್ರು ಕಾಗುಣಿತ ಬಿಡಿಸಿ ಹೇಳಿಕೊಟ್ಟರಲ್ಲ, ಅದನ್ನೇ ಯಂತ್ರವೂ ಮಾಡುತ್ತಿದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯೂ ಇದೇ ತರ್ಕದ ಮೇಲೆ ನಿಂತಿದೆ. ಅದಕ್ಕೇ ನುಡಿಯಲ್ಲಿ ಒತ್ತಕ್ಷರಕ್ಕೆ ನಡುವೆ 'ಎಫ್' ಕೀಲಿ ಒತ್ತುತ್ತೀರಿ.

ಒಂದು ಪ್ರಯೋಗ ಮಾಡಿ. ಸಾದಾ ಪಠ್ಯದ ಕಡತದಲ್ಲಿ 'ಗೋಕಾಕ' ಎಂದಷ್ಟೇ ಯುನಿಕೋಡಿನಲ್ಲಿ ಟೈಪಿಸಿ, ಯುಟಿಎಫ್-8 ರೂಪದಲ್ಲಿ ಉಳಿಸಿ. ಕೊನೆಗೆ ಎಂಟರ್ ಒತ್ತಬೇಡಿ. ಕಡತದ ಗಾತ್ರ ನೋಡಿ: 15 ಬೈಟ್. ಕನ್ನಡದ ಒಂದು ಚಿಹ್ನೆಗೆ ಆ ರೂಪದಲ್ಲಿ ಮೂರು ಬೈಟ್, ಐದು ಮೂರಲೆ ಹದಿನೈದು. ಮೂಡಲಗಿಗೆ 18, ಹುಕ್ಕೇರಿಗೆ 24 ಬರಬೇಕು. ನೀವೇ ಲೆಕ್ಕ ಹಾಕಿ, ನೀವೇ ನೋಡಿ, ಎರಡೂ ಒಂದೇ ಆದಾಗ ಆಗುವ ಆನಂದ ಯಾವ ಸರ್ಟಿಫಿಕೇಟೂ ಕೊಡುವುದಿಲ್ಲ.

ಈ ಲೆಕ್ಕ ಬಂದರೆ ನಮ್ಮ ಹಳೆಯ ಗೋಳುಗಳೂ ಅರ್ಥವಾಗುತ್ತವೆ. ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ, ಕನ್ನಡದಲ್ಲಿ 70 ಮಾತ್ರ ಯಾಕೆ? ಒಂದು ಸಂದೇಶಕ್ಕೆ ಜಾಗ 140 ಬೈಟ್, ಅಂದರೆ 1120 ಬಿಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ಟಿನ ಪದ್ಧತಿ, ಭಾಗಿಸಿದರೆ 160. ಕನ್ನಡಕ್ಕೆ 16 ಬಿಟ್ಟಿನ ಪದ್ಧತಿ, ಭಾಗಿಸಿದರೆ 70. ದೇವರು ಬರೆದ ಹಣೆಬರಹವಲ್ಲ ಅದು, ಇಂಗ್ಲಿಷನ್ನು ಮೊದಲು ಮನಸ್ಸಿನಲ್ಲಿಟ್ಟುಕೊಂಡು ಮನುಷ್ಯರು ಮಾಡಿದ ಏರ್ಪಾಡು.

ಹಾಗೆಯೇ ಡಿಟಿಪಿ ಅಂಗಡಿಯಿಂದ ತಂದ ಹಳೆಯ ಕನ್ನಡ ಕಡತ ನಿಮ್ಮ ಕಂಪ್ಯೂಟರಿನಲ್ಲಿ ತೆರೆದಾಗ ವಿಚಿತ್ರ ಇಂಗ್ಲಿಷ್ ಅಕ್ಷರಗಳ ರಾಶಿ ಯಾಕೆ ಕಾಣುತ್ತದೆ? ಹಿಂದೆ ಸಾಮಾನ್ಯ ಕಂಪ್ಯೂಟರುಗಳಿಗೆ ಕನ್ನಡದ ಓಣಿ ತಿಳಿಯುತ್ತಿರಲಿಲ್ಲ. ವಿಂಡೋಸ್ ಎಕ್ಸ್‌ಪಿ ಬಂದ 2001ರವರೆಗೂ ಹೆಚ್ಚಿನವರ ಪಾಡು ಅದೇ. ಆದ್ದರಿಂದ ನಮ್ಮವರು ಜಾಣತನದಿಂದ ಯುರೋಪಿನ ಅಕ್ಷರಗಳ ನಂಬರುಗಳಿಗೇ ಕನ್ನಡದ ವೇಷ ತೊಡಿಸಿದರು. ಒಳಗೆ ಆ ಅಕ್ಷರದ ನಂಬರು, ಹೊರಗೆ ಕನ್ನಡದ ಆಕಾರ. ವೇಷದ ಫಾಂಟು ಇಲ್ಲದ ಕಡೆ ಒಳಗಿನದು ಹೊರಬೀಳುತ್ತದೆ. ಆ ಕಾಲದಲ್ಲಿ ಕನ್ನಡವನ್ನು ಪರದೆಯ ಮೇಲೆ ಉಳಿಸಿದ್ದು ಅದೇ ಉಪಾಯ, ಅದಕ್ಕೆ ನಾವು ಋಣಿಗಳು. ಆದರೆ ಹಾಗೆ ಬರೆದ ಸಂಘದ ದಾಖಲೆ, ಊರಿನ ಇತಿಹಾಸ, ಅಜ್ಜನ ಪದಗಳು ಇಂದಿಗೂ ಹಳೆಯ ಡಿಸ್ಕುಗಳಲ್ಲಿ ಬೀಗ ಹಾಕಿಕೊಂಡು ಕುಳಿತಿವೆ. ನಂಬರಿಗೆ ನಂಬರು ಬದಲಿಸುವ ಪರಿವರ್ತಕಗಳಿವೆ. ಅವನ್ನು ನಡೆಸಿ, ತಪ್ಪಿದ್ದನ್ನು ತಿದ್ದುವ ಕೈಗಳು ಬೇಕು. ಅದು ನಿಮ್ಮ ಕೈ ಯಾಕಾಗಬಾರದು?

ನಾಳೆಯಿಂದಲೇ ಆರಂಭ

ಭಾಷಣ ಕೇಳಿ ಚಪ್ಪಾಳೆ ತಟ್ಟಿ ಮನೆಗೆ ಹೋಗುವವರು ನೀವಾಗಬೇಡಿ. ಮೂರೂ ಊರಿನ ಹುಡುಗರಿಗೆ ಕೊಟ್ಟ ಕಾರ್ಯಕ್ರಮವನ್ನೇ ನಿಮಗೂ ಕೊಡುತ್ತೇನೆ. ಮೂರು ತಿಂಗಳು, ದಿನಕ್ಕೊಂದು ಗಂಟೆ ಸಾಕು.

ಮೊದಲ ಎರಡು ವಾರ, ಕಾಗದ ಪೆನ್ಸಿಲು. 1ರಿಂದ 31ರವರೆಗೆ ತೂಕದ ಕಲ್ಲಿನ ಲೆಕ್ಕದಲ್ಲಿ ಬರೆಯಿರಿ. ಕೂಡಿಸಿ, ಕಳೆಯಿರಿ. ಐದು ಬೆರಳಿನಲ್ಲಿ 31ರವರೆಗೆ ಎಣಿಸಲು ಕಲಿಯಿರಿ.

ಮುಂದಿನ ಎರಡು ವಾರ, ಒಂಬತ್ತು ವೋಲ್ಟಿನ ಬ್ಯಾಟರಿ, ಚಿಕ್ಕ ಎಲ್‌ಇಡಿ ದೀಪ, ಅದಕ್ಕೊಂದು 470 ಓಮ್ ರೆಸಿಸ್ಟರ್, ನಾಲ್ಕು ಸ್ವಿಚ್ಚು. ಎರಡು ಗೇಟಿನ ದೀಪ ಮಾಡಿ, ಮೆಟ್ಟಿಲ ದೀಪ ಮಾಡಿ. ಎಚ್ಚರ! ಗೋಡೆಯ ಕರೆಂಟಿನ ತಂಟೆಗೆ ಹೋಗಬೇಡಿ, ಬ್ಯಾಟರಿಯಲ್ಲಿ ಮಾತ್ರ ಮಾಡಿ.

ಐದನೆಯ ವಾರ, ಗುಜರಿಯಿಂದ ಹಳೆಯ ಕಂಪ್ಯೂಟರ್ ಡಬ್ಬಿ ತಂದು, ವೈರು ಕಿತ್ತು, ಬಿಚ್ಚಿ. ಫ್ಯಾನಿನ ಕೆಳಗೆ ಪ್ರೊಸೆಸರ್, ಉದ್ದನೆಯ ಪಟ್ಟಿ ರ್‍ಯಾಮ್, ಪೆಟ್ಟಿಗೆಯಂಥದ್ದು ಡಿಸ್ಕು. ಪ್ರತಿಯೊಂದಕ್ಕೂ "ಇದು ಇಲ್ಲದಿದ್ದರೆ ಏನಾಗುತ್ತದೆ" ಎಂದು ಕನ್ನಡದಲ್ಲಿ ಒಂದು ವಾಕ್ಯ ಬರೆಯಿರಿ. ಕರೆಂಟು ಬರುವ ಕಬ್ಬಿಣದ ಪೆಟ್ಟಿಗೆಯನ್ನಾಗಲಿ ಹಳೆಯ ಪಿಕ್ಚರ್ ಟ್ಯೂಬಿನ ಮಾನಿಟರನ್ನಾಗಲಿ ಬಿಚ್ಚಬೇಡಿ. ವೈರು ಕಿತ್ತರೂ ಅವುಗಳಲ್ಲಿ ಕರೆಂಟು ಉಳಿದಿರುತ್ತದೆ.

ಆರನೆಯ ವಾರ, ಗೆಳೆಯರನ್ನು ಸೇರಿಸಿ ಬೆಂಕಿಪೊಟ್ಟಣದ ಕಂಪ್ಯೂಟರ್ ಆಡಿ. "ಎಂಟನೆಯ ಪೊಟ್ಟಣ ಸೊನ್ನೆಯಾದರೆ ಒಂದನೆಯ ಪೊಟ್ಟಣಕ್ಕೆ ಹೋಗು" ಎಂಬ ಚೀಟಿ ಸೇರಿಸಿ ನೋಡಿ, ಆಟದ ರಂಗೇ ಬದಲಾಗುತ್ತದೆ.

ಉಳಿದ ಆರು ವಾರ, ಪ್ರೋಗ್ರಾಮು ಬರೆಯುವುದು. ಪೈಥಾನ್ ಎಂಬ ಭಾಷೆ ಪುಕ್ಕಟೆ ಸಿಗುತ್ತದೆ, ಮೊಬೈಲಿನಲ್ಲೂ ನಡೆಯುತ್ತದೆ. ಅದರಲ್ಲಿ ಕಾದಿರಿಸಿದ ಇಂಗ್ಲಿಷ್ ಪದಗಳು ಸುಮಾರು 35, ಅಷ್ಟೇ. ಉಳಿದ ಹೆಸರುಗಳನ್ನು ನೀವು ಕನ್ನಡದಲ್ಲೇ ಇಡಬಹುದು. ಬೆಲೆ = 40, ತೂಕ = 3 ಎಂದು ಬರೆದು ಎರಡನ್ನೂ ಗುಣಿಸಲು ಹೇಳಿ, ಅದು 120 ಎನ್ನುತ್ತದೆ. '೧೨' ಎಂದು ಕನ್ನಡ ಅಂಕಿಯಲ್ಲಿ ಬರೆದ ಪಠ್ಯವನ್ನು ಸಂಖ್ಯೆ ಮಾಡು ಎಂದರೆ ಹನ್ನೆರಡೆಂದು ಓದುತ್ತದೆ. ಚಿಕ್ಕ ತಮ್ಮ ತಂಗಿಯರಿದ್ದರೆ ಯು.ಬಿ. ಪವನಜ ಅವರು ಮಕ್ಕಳಿಗಾಗಿ ಕನ್ನಡದಲ್ಲಿ ಮಾಡಿದ ಲೋಗೋ ಬಗ್ಗೆ ಹೇಳಿ; ಆಜ್ಞೆಗಳೇ ಕನ್ನಡದಲ್ಲಿರಬಹುದು ಎಂದು ತೋರಿಸಿಕೊಟ್ಟ ಕೆಲಸ ಅದು.

ಇಂಗ್ಲಿಷ್ ಬೇಡವೇ?

ಬೇಕು. ಸುಳ್ಳು ಹೇಳಿ ನಿಮ್ಮನ್ನು ಉಬ್ಬಿಸಲಾರೆ. ಮುಂದೆ ಹೋದಂತೆ ಒಳ್ಳೆಯ ಪುಸ್ತಕಗಳು, ಕೈಪಿಡಿಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಇವೆ. ಚಾರ್ಲ್ಸ್ ಪೆಟ್ಜೋಲ್ಡ್ ಎಂಬವರು 1999ರಲ್ಲಿ ಬರೆದ 'ಕೋಡ್' ಎಂಬ ಪುಸ್ತಕವಿದೆ. ಟಾರ್ಚು, ತಂತಿ, ಸ್ವಿಚ್ಚುಗಳಿಂದ ಆರಂಭಿಸಿ ಕಂಪ್ಯೂಟರಿನವರೆಗೆ ಕೈಹಿಡಿದು ನಡೆಸುತ್ತದೆ. ನಿಘಂಟು ಪಕ್ಕದಲ್ಲಿಟ್ಟುಕೊಂಡು ಅದನ್ನು ಓದಿ. ಆದರೆ ಕ್ರಮ ತಪ್ಪಬೇಡಿ. ಸ್ಟಾರ್ಟರ್ ಹೇಗೆ ನೆನಪಿಡುತ್ತದೆಂದು ಕನ್ನಡದಲ್ಲಿ ತಿಳಿದವನಿಗೆ ಆ ಪುಸ್ತಕದ ಇಂಗ್ಲಿಷ್ ತಾನಾಗಿ ಅರ್ಥವಾಗುತ್ತದೆ, ಯಾಕೆಂದರೆ ವಿಷಯ ಮೊದಲೇ ಗೊತ್ತು. ವಿಷಯ ಗೊತ್ತಿಲ್ಲದೆ ಇಂಗ್ಲಿಷ್ ಮಾತ್ರ ಗೊತ್ತಿದ್ದವನು ನನ್ನಂತೆ ಬಾಯಿಪಾಠ ಮಾಡಿಕೊಂಡು ಹೊರಬೀಳುತ್ತಾನೆ. ಇಂಗ್ಲಿಷ್ ಪ್ರಾಧ್ಯಾಪಕರಾದ ಗೋಕಾಕರು ಹೇಳಿದ್ದೂ ಕ್ರಮದ ಮಾತೇ: ಮೊದಲು ಯಾವುದು, ಆಮೇಲೆ ಯಾವುದು.

ನಗರದ ಮಿತ್ರರೇ, ನಿಮಗೆ ಒಂದು ಕೊನೆಯ ಮಾತು. ನಿಮ್ಮಲ್ಲಿ ಎಷ್ಟೋ ಜನ ಕಂಪ್ಯೂಟರ್ ಕಂಪನಿಗಳಲ್ಲೇ ಇದ್ದೀರಿ. ಕಲಿತದ್ದನ್ನು ಕನ್ನಡದಲ್ಲಿ ಒಬ್ಬರಿಗೆ ಹೇಳಿಕೊಡಿ. ಊರಿಗೆ ಹೋದಾಗ ಒಂದು ಸಂಜೆ ಎಂಟು ಬೆಂಕಿಪೊಟ್ಟಣ ಹಿಡಿದು ಓಣಿಯ ಹುಡುಗರ ಜೊತೆ ಕುಳಿತುಕೊಳ್ಳಿ. ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಬಾವುಟ ಹಾರಿಸುವುದಕ್ಕಿಂತ ಅದು ಕಡಿಮೆ ಸೇವೆಯಲ್ಲ.

ಮೂಡಲಗಿಯ ಆ ತಂಗಿ ಕಾರ್ಯಕ್ರಮ ಮುಗಿದ ಮೇಲೆ ನನ್ನ ಬಳಿ ಬಂದಳು. ಪುಸ್ತಕದ ಹಿಂದಿನ ಹಾಳೆಯಲ್ಲಿ ತನ್ನ ಹೆಸರಿನ ಪ್ರತಿ ಅಕ್ಷರವನ್ನೂ ಬಿಡಿಸಿ, ಮನೆ ನಂಬರು ಹಾಕಿ, ಒಂದು ಸೊನ್ನೆಗಳಲ್ಲಿ ಬರೆದಿದ್ದಳು. ಒಂದು ಕಡೆ ಒಂದು ಕಲ್ಲು ತಪ್ಪಿತ್ತು. ತೋರಿಸಿದೆ. ತಾನೇ ಕೂಡಿಸಿ ನೋಡಿ, ತಾನೇ ತಿದ್ದಿದಳು. ಈ ಸಲ ಅವಳ ತಲೆ ತಗ್ಗಿರಲಿಲ್ಲ.

ಸಿರಿಗನ್ನಡಂ ಗೆಲ್ಗೆ!